ಸೂಜಿಯ ರಂಧ್ರದಿಂದ ಧಮನಿಯ ದುರಸ್ತಿ

ಓಡುತ್ತಿರುವ ಬಸ್ಸು ಥಟ್ಟನೆ ನಿಂತರೆ ನಾವೆಲ್ಲರೂ ಮುಂದಕ್ಕೆ ಮುಗ್ಗರಿಸುತ್ತೇವೆ. ಜಡತ್ವವನ್ನು ವಿವರಿಸುವಾಗ ತರಗತಿಯಲ್ಲಿ ಈ ಉದಾಹರಣೆಯನ್ನು ಕೊಡುವುದು ವಾಡಿಕೆ. ದೇಹದೊಳಗಣ ಅವಯವಗಳೂ ಹಾಗೆಯೇ ಮುಗ್ಗರಿಸುವುವೆಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಮೂತ್ರಪಿಂಡವು ಕೊಬ್ಬಿನ ಮೆತ್ತೆಯಲ್ಲಿ ಹುದುಗಿದ್ದು, ಸ್ವಲ್ಪಮಟ್ಟಿಗೆ ಅತ್ತಿತ್ತ ಸರಿಯಬಲ್ಲುದು. ಅದಕ್ಕೆ ಮಹಾಧಮನಿಯಿಂದ ರಕ್ತವನ್ನು ತರುವುದು ಸುಮಾರು 5-6 ಮಿಲಿಮೀಟರ್ ವ್ಯಾಸದ ಒಂದು ಧಮನಿ. ವಾಹನಗಳು ಡಿಕ್ಕಿ ಹೊಡೆದಾಗ, ಅಥವಾ ಎತ್ತರದಿಂದ ಬಿದ್ದಾಗ, ಪಿಂಡವು ಜಗ್ಗಿ ಈ ಧಮನಿಯನ್ನು ಎಳೆಯುತ್ತದೆ. ಧಮನಿಯ ಹೊರಪದರಗಳು ಹಿಗ್ಗಿ ತಾಳಿಕೊಳ್ಳುತ್ತವೆ. ಅಷ್ಟು ಹಿಗ್ಗಲಾರದ ಒಳಪದರವು ಹರಿಯುತ್ತದೆ. ಹರಿದೆಡೆಯಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚಿಬಿಡುತ್ತದೆ. ನಾಳದಿಂದ ತೊಟ್ಟು ರಕ್ತವೂ ಸೋರದಿರಬಹುದು, ಮೂತ್ರದ ಬಣ್ಣವೂ ಬದಲಾಗದಿರಬಹುದು. ಗಾಯವು ಹೀಗೆ ಸದ್ದಿಲ್ಲದೆ ಇರುವುದೇ ಅಪಾಯ.

ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಎರಡು ಮೂತ್ರಪಿಂಡಗಳಿಗೇ ಸಲ್ಲುತ್ತದೆ. ಈ ಪೂರೈಕೆಯು ಪೂರ್ತಿಯಾಗಿ ನಿಂತರೆ ನಾಲ್ಕಾರು ಗಂಟೆಗಳಲ್ಲಿಯೇ ಪಿಂಡವು ಚೇತರಿಸಿಕೊಳ್ಳಲಾರದಷ್ಟು ಕೆಡುವುದುಂಟು. ಹೊಟ್ಟೆಯನ್ನು ತೆರೆದು ಧಮನಿಯನ್ನು ಹೊಲಿಯುವ ಶಸ್ತ್ರಕ್ರಿಯೆಗೆ ಈ ಅವಧಿ ಬಹುವೇಳೆ ಸಾಲದು.

ಬೇರೊಂದು ದಾರಿಯನ್ನು ತೋರಿದವರು ಸ್ವೀಡನ್ ದೇಶದ ಸೆಲ್ಡಿಂಗರ್. ಸೂಜಿಯಿಂದ ಧಮನಿಯನ್ನು ಚುಚ್ಚಿ, ಸೂಜಿಯ ಮೂಲಕ ತಂತಿಯನ್ನು ತೂರಿಸಿ, ಸೂಜಿಯನ್ನು ಹೊರತೆಗೆದು, ತಂತಿಯ ಮೇಲೆಯೇ ಕ್ಯಾಥೆಟರ್ ಎಂಬ ಸಪೂರ ಕೊಳವೆಯನ್ನು ಜಾರಿಸುವ ವಿಧಾನವನ್ನು ಅವರು 1953ರಲ್ಲಿ ಪ್ರಕಟಿಸಿದರು. ಇಷ್ಟು ಸರಳವಾದುದು ಅದುವರೆಗೆ ಯಾರಿಗೂ ಏಕೆ ತೋಚಲಿಲ್ಲವೋ! 1964ರಲ್ಲಿ ಅಮೆರಿಕದ ಡಾಟರ್ ಇದೇ ದಾರಿಯಿಂದ ಕಾಲಿನ ಧಮನಿಯೊಂದನ್ನು ಹಿಗ್ಗಿಸಿದರು.

ಇಂದು ತೊಡೆಸಂದಿನ ಧಮನಿಯಿಂದ ಕ್ಯಾಥೆಟರನ್ನು ಏರಿಸಿ, ಕ್ಷ-ಕಿರಣಗಳ ಬೆಳಕಿನಲ್ಲಿ ಮೂತ್ರಪಿಂಡದ ಧಮನಿಯನ್ನು ಹೊಗುತ್ತಾರೆ. ಸ್ಟೆಂಟ್ ಎಂಬ ಲೋಹದ ಜಾಲರಿಯ ಕೊಳವೆಯು ಅಲ್ಲಿ ಅರಳಿ, ಹರಿದ ಒಳಪದರವನ್ನು ಗೋಡೆಗೆ ಒತ್ತಿಹಿಡಿಯುತ್ತದೆ. ಗೋಡೆಯೇ ಒಡೆದು ರಕ್ತ ಸೋರುತ್ತಿದ್ದರೆ ಹೊದಿಕೆಯುಳ್ಳ ಸ್ಟೆಂಟ್ ಬೇಕು. ಪಿಂಡದೊಳಗಿನ ಕಿರುಶಾಖೆ ಒಡೆದಿದ್ದರೆ ಸಣ್ಣ ಲೋಹದ ಸುರುಳಿಯಿಂದ ಅದೊಂದನ್ನೇ ಮುಚ್ಚಿ ಉಳಿದ ಭಾಗವನ್ನು ಕಾಪಾಡಬಹುದು.

ಆದರೆ ತೊಡಕೊಂದಿದೆ. ಸ್ಟೆಂಟನ್ನು ಇರಿಸಿದ ಮೇಲೆ ರಕ್ತವು ಹೆಪ್ಪುಗಟ್ಟದಂತೆ ಔಷಧ ಕೊಡಬೇಕು. ಅಪಘಾತದ ಗಾಯಾಳುವಿಗೆ ತಲೆಯಲ್ಲಿಯೋ ಗುಲ್ಮದಲ್ಲಿಯೋ ರಕ್ತಸ್ರಾವವಿದ್ದರೆ ಆ ಔಷಧವೇ ಪ್ರಾಣಾಂತಕವಾದೀತು. ಇನ್ನೊಂದು ಪಿಂಡವು ಆರೋಗ್ಯವಾಗಿದ್ದಲ್ಲಿ ವೈದ್ಯರು ಕೆಲವೊಮ್ಮೆ ಕೆಟ್ಟುದನ್ನು ಹಾಗೆಯೇ ಬಿಡುವುದುಂಟು. ಇದು ಕೈಲಾಗದವರ ತೀರ್ಮಾನವಲ್ಲ. ಇರುವುದೊಂದೇ ಪಿಂಡವಾದರೆ ಲೆಕ್ಕ ಬೇರೆ: ಗಂಟೆಗಳು ಮೀರಿದ್ದರೂ ಪ್ರಯತ್ನಿಸುತ್ತಾರೆ.