ಕಾಲೇಜಿನ ಮನೆಗೆಲಸಕ್ಕೆ ಯಾವ ಎಕ್ಸೆಲ್ ಬೇಕು?

ಬಿಕಾಂ, ಬಿಬಿಎ, ಬಿಸಿಎ ಸೇರಿದ ಮಕ್ಕಳ ಮನೆಯವರು ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬಂದಾಗ ಈಚೆಗೆ ಕೇಳುವ ಪ್ರಶ್ನೆ ಒಂದಿದೆ: "ಎಕ್ಸೆಲ್ ಹಾಕಿಸಬೇಕಂತೆ ಸರ್, ಎಷ್ಟಾಗುತ್ತೆ?" ಹೆಚ್ಚಿನವರಿಗೆ ಏನೂ ಖರ್ಚಾಗಬೇಕಿಲ್ಲ. ಆದರೂ ಶುಲ್ಕಕ್ಕೆಂದು ಕೊಟ್ಟ ಹಣದಲ್ಲಿ ಒಂದು ಭಾಗ ಇದಕ್ಕೆ ಹೋಗುತ್ತಿರುವುದರಿಂದ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸ್ಪ್ರೆಡ್‌ಶೀಟ್ ಎಂದರೆ ಅಂಗಡಿಯ ಖಾತೆ ಪುಸ್ತಕದಂತೆ ಅಡ್ಡಸಾಲು, ಉದ್ದಸಾಲುಗಳ ಹಾಳೆ. ಒಂದು ಮನೆಯ ಅಂಕಿ ತಿದ್ದಿದರೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುತ್ತವೆ, ಅದೇ ಅದರ ಹೆಚ್ಚುಗಾರಿಕೆ. 1979ರಲ್ಲಿ ವಿಸಿಕ್ಯಾಲ್ಕ್ ಎಂಬುದು ಬಂತು, 1985ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸೆಲ್. ಈಗ ಎಕ್ಸೆಲ್ ಎಂಬುದು ಈ ಜಾತಿಗೇ ಹೆಸರಾಗಿಬಿಟ್ಟಿದೆ. ಹಾಗಾಗಿ ಉಪನ್ಯಾಸಕರು "ಎಕ್ಸೆಲ್‌ನಲ್ಲಿ ಮಾಡಿ ತನ್ನಿ" ಎಂದಾಗ ಎಕ್ಸೆಲ್ಲೇ ಆಗಬೇಕೋ, ಯಾವುದಾದರೂ ಸ್ಪ್ರೆಡ್‌ಶೀಟ್ ಆದೀತೋ ಎಂದು ಮಗು ಮೊದಲು ಕೇಳಿಕೊಂಡು ಬರಲಿ. ಕೇಳಲು ಸಂಕೋಚಪಡುವ ಮಕ್ಕಳೇ ಹೆಚ್ಚು.

ಮೊತ್ತ, ಸರಾಸರಿ, ಶೇಕಡಾವಾರು, ನಕ್ಷೆ, ಪಿವಟ್ ಟೇಬಲ್ ಇಷ್ಟೇ ಆದರೆ ಯಾವುದಾದರೂ ಸಾಕು. ಮೈಕ್ರೋಸಾಫ್ಟ್ ಖಾತೆ ತೆರೆದರೆ ಬ್ರೌಸರ್‌ನಲ್ಲೇ ನಡೆಯುವ ಎಕ್ಸೆಲ್ ಉಚಿತ. ಜಿಮೇಲ್ ಇದ್ದವರಿಗೆ ಗೂಗಲ್ ಶೀಟ್ಸ್ ಉಚಿತ. ನಾಲ್ವರು ಸೇರಿ ಒಂದೇ ಹಾಳೆಯಲ್ಲಿ ಪ್ರಾಜೆಕ್ಟ್ ಮಾಡುವುದಕ್ಕೆ ಅದು ಬಹಳ ಅನುಕೂಲ. ಫೋನಿನಲ್ಲೂ ತೆರೆಯಬಹುದು, ಆದರೆ ಸಣ್ಣ ಪರದೆಯ ಮೇಲೆ ನೂರು ಸಾಲಿನ ಲೆಕ್ಕ ಕಣ್ಣಿಗೆ ಶಿಕ್ಷೆ. ಅಂಕಿ ತುಂಬಲು ಫೋನ್ ಆದೀತು, ಉಳಿದದ್ದನ್ನು ಕಾಲೇಜಿನ ಲ್ಯಾಬ್‌ನಲ್ಲಿ ಮುಗಿಸುವುದು ಮೇಲು.

ಮನೆಯಲ್ಲಿ ಇಂಟರ್‌ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲದಿದ್ದರೆ ಲಿಬ್ರೆಆಫೀಸ್ ಹಾಕಿಕೊಳ್ಳಿ. ಒಮ್ಮೆ ಇಳಿಸಿಕೊಂಡರೆ ಮತ್ತೆ ಇಂಟರ್‌ನೆಟ್ ಬೇಡ, ಹಣವೂ ಬೇಡ. ಅದರ ಕ್ಯಾಲ್ಕ್ ಎಂಬ ಭಾಗವೇ ಸ್ಪ್ರೆಡ್‌ಶೀಟ್. ಆದರೆ ಅದು ಸಾಮಾನ್ಯವಾಗಿ ಒಡಿಎಸ್ ಎಂಬ ತನ್ನದೇ ರೂಪದಲ್ಲಿ ಕಡತ ಉಳಿಸುತ್ತದೆ. 'ಸೇವ್ ಆ್ಯಸ್'ಗೆ ಹೋಗಿ ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪ ಆರಿಸಿ ಉಳಿಸಬೇಕು. ಕೊಡುವ ಮುಂಚೆ ಲ್ಯಾಬ್‌ನ ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ನೋಡಿ. ನಕ್ಷೆಯ ಬಣ್ಣ, ಅಕ್ಷರದ ಅಳತೆ ಅಷ್ಟಿಷ್ಟು ಸರಿದಿರುತ್ತದೆ.

ಇನ್ನು ಉಚಿತದ್ದು ಸಾಲದ ಕಡೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ 'ಡೇಟಾ ಅನಾಲಿಸಿಸ್ ಟೂಲ್‌ಪ್ಯಾಕ್' ಎಂದು ಬರೆದಿದ್ದರೆ ಅದು ಬ್ರೌಸರ್‌ನ ಎಕ್ಸೆಲ್‌ನಲ್ಲಿ ಇಲ್ಲ, ಕಂಪ್ಯೂಟರಿಗೆ ಹಾಕಿದ ಎಕ್ಸೆಲ್ಲೇ ಬೇಕು. ರಿಗ್ರೆಷನ್‌ನಂಥ ಲೆಕ್ಕ ಕ್ಯಾಲ್ಕ್‌ನಲ್ಲೂ ಬರುತ್ತದೆ, ಉತ್ತರವೂ ಅದೇ. ಆದರೆ ಮೆನು ಬೇರೆ, ಪಾಠದ ಹೆಜ್ಜೆಗಳು ಹೊಂದುವುದಿಲ್ಲ. ಎಕ್ಸೆಲ್‌ನದೇ ಮ್ಯಾಕ್ರೊ ಬರೆಯಲು ಹೇಳಿದ್ದರಂತೂ ಕಂಪ್ಯೂಟರಿನ ಎಕ್ಸೆಲ್ಲೇ ಬೇಕು. ಹಳೆಯ ಆವೃತ್ತಿ ಇದ್ದವರು ಇನ್ನೊಂದು ಗಮನಿಸಿ: ಎಕ್ಸ್‌ಲುಕಪ್ ಎಂಬ ಸೂತ್ರ ಎಕ್ಸೆಲ್ 2016, 2019ರಲ್ಲಿ ಇಲ್ಲ. ಅಲ್ಲಿ ವಿಲುಕಪ್ ಬಳಸಿ ಅದೇ ಉತ್ತರ ತರಬಹುದು.

ಕೊಳ್ಳಲೇಬೇಕು ಎಂದಾದರೂ ಅಂಗಡಿಗೆ ಹೋಗುವ ಮೊದಲು ಎರಡು ಕಡೆ ವಿಚಾರಿಸಿ. ಕಾಲೇಜು ತನ್ನದೇ ಇಮೇಲ್ ವಿಳಾಸ ಕೊಟ್ಟಿದ್ದರೆ, ಅದರ ಜೊತೆಗೆ ಆಫೀಸ್ ಕೂಡ ಬರುತ್ತದೆಯೇ ಎಂದು ಲ್ಯಾಬ್‌ನವರನ್ನು ಕೇಳಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳ ಬೆಲೆಯಲ್ಲೇ ಆಫೀಸ್ ಸೇರಿರುತ್ತದೆ, ಬಿಲ್ಲು ನೋಡಿ. ಎರಡೂ ಇಲ್ಲದಿದ್ದರೆ ವರ್ಷದ ಚಂದಾಕ್ಕಿಂತ ಒಂದೇ ಸಲ ಕೊಳ್ಳುವ ಆವೃತ್ತಿ ಮೂರು ವರ್ಷದ ಓದಿಗೆ ಸರಿಹೋದೀತು, ಎರಡರ ಬೆಲೆಯನ್ನೂ ಮೂರು ವರ್ಷಕ್ಕೆ ಹಾಕಿ ನೋಡಿ. ಚಂದಾ ಮುಗಿದರೆ ಕಡತ ಓದಬಹುದು, ತಿದ್ದಲಾಗದು. ಪರೀಕ್ಷೆಯ ವಾರದಲ್ಲಿ ಹಾಗಾದರೆ ಕಷ್ಟ.

ಅಂಗಡಿಯಲ್ಲಿ ಮುನ್ನೂರು, ನಾನೂರಕ್ಕೆ "ಲೋಡ್ ಮಾಡಿಕೊಡ್ತೀವಿ" ಎನ್ನುವುದು ಸಾಮಾನ್ಯವಾಗಿ ಕದ್ದ ಪ್ರತಿ. ಅದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರಲ್ಲ, ಅಷ್ಟು ಸಾಕು ಅನುಮಾನಕ್ಕೆ. ಮನೆಯವರ ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುತ್ತದೆ.

ಕೊನೆಗೆ ತಾರೀಖಿನ ವಿಷಯ. ಅಂಕ ಕಳೆಯುವುದು ಹೆಚ್ಚಾಗಿ ಇದರಲ್ಲೇ. ಹಾಳೆ ಅಮೆರಿಕದ ಪದ್ಧತಿಯಲ್ಲಿದ್ದರೆ ನಾವು ಬರೆದ 05/06 ಅಲ್ಲಿ ಮೇ 5 ಅಲ್ಲ, ಜೂನ್ 5 ಕೂಡ ಅಲ್ಲ, ಮೇ 6 ಆಗುತ್ತದೆ. 25/06 ಎಂದರೆ ತಾರೀಖೆಂದೇ ಒಪ್ಪದೆ ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಎಂಬಲ್ಲಿ ಇಂಡಿಯಾ ಆರಿಸಿ. ಇದನ್ನು ಅಂಕಿ ತುಂಬುವ ಮೊದಲೇ ಮಾಡಬೇಕು.