ಬಡಾವಣೆಯೂ ಚಿರತೆಯೂ

ಕೆಂಪೇಗೌಡರ ಹೆಸರಿನೊಡನೆ ಸೇರಿಕೊಂಡಿರುವ ನಾಲ್ಕು ಗೋಪುರಗಳ ಪೈಕಿ ಒಂದು ಲಾಲ್‌ಬಾಗಿನ ಹೆಬ್ಬಂಡೆಯ ಮೇಲಿರತಕ್ಕದ್ದು. ಊರು ಬೆಳೆದು ಆ ಗೋಪುರಗಳವರೆಗೆ ಬಂದೀತೆಂದು ಹಿಂದಿನವರು ಹೇಳುತ್ತಿದ್ದರೆಂಬ ಐತಿಹ್ಯವುಂಟು. ಅವುಗಳನ್ನು ಮೀರಿಯೂ ಹೋದೀತೆಂಬ ಎಣಿಕೆ ಆ ಮಾತಿನಲ್ಲಿ ಇದ್ದಂತೆ ಕಾಣುವುದಿಲ್ಲ. ದಕ್ಷಿಣದಲ್ಲಿ ಆ ಮೇರೆಯನ್ನು ವಿಧ್ಯುಕ್ತವಾಗಿ ದಾಟಿದುದು 1948ರಲ್ಲಿ. ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಸ್ತಿಭಾರವನ್ನಿಟ್ಟ ಮೇಲೆ, ರಾಗಿಯ ಹೊಲಗಳೂ ಮಾವಿನ ತೋಪುಗಳೂ ಸಣ್ಣ ಪುಟ್ಟ ಹಳ್ಳಿಗಳೂ ಇದ್ದ ಸೀಮೆಯಲ್ಲಿ ಬ್ಲಾಕುಗಳು, ಅಡ್ಡರಸ್ತೆಗಳು, ಮುಖ್ಯರಸ್ತೆಗಳು ಒಂದೊಂದಾಗಿ ಮೂಡಿದುವು.

ಅಲ್ಲಿಂದಾಚೆಯ ಕಥೆಯನ್ನು ದಕ್ಷಿಣ ಬೆಂಗಳೂರಿನ ಹಳಬರು ತಮ್ಮ ಮನೆಯ ವಿಳಾಸಗಳಲ್ಲಿಯೇ ಓದಿಕೊಳ್ಳಬಹುದು. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಸ್ಥಾನಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳು ಕೂಡಿ ಬಿ.ಟಿ.ಎಂ. ಬಡಾವಣೆಯಾದುವು, ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ನಗರ ಹಂತ ಹಂತವಾಗಿ ಬನ್ನೇರುಘಟ್ಟದ ಕಡೆಗೂ, ಬನಶಂಕರಿಯ ಬಡಾವಣೆಗಳು ಕನಕಪುರ ರಸ್ತೆಯ ಆಸುಪಾಸಿನಲ್ಲಿ ನೈಋತ್ಯಕ್ಕೂ ಸಾಗಿದುವು. ಬನಶಂಕರಿ ಆರನೆಯ ಹಂತದ ಸೈಟುಗಳು ಅಳತೆಯಾಗುವ ಹೊತ್ತಿಗೆ ಊರು ತುರಹಳ್ಳಿಯ ಕಾಡಿನ ಅಂಚನ್ನು ಮುಟ್ಟಿತ್ತು. ನೈಸ್ ರಸ್ತೆ ಬಂದಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಓಡತೊಡಗಿತು. ಇಂದು ತುರಹಳ್ಳಿಯ ಬಂಡೆಯನ್ನೇರಿ ನಿಂತವರಿಗೆ ಕಾಡಿನ ಮೇಲೆ ಎದ್ದು ಕಾಣುವುದು ಬಹುಮಹಡಿ ಕಟ್ಟಡಗಳ ಸಾಲು.

ಈ ಸೀಮೆಯ ಬಂಡೆಗುಡ್ಡಗಳೂ ಪೊದೆಗಾಡುಗಳೂ ಚಿರತೆಗೆ ಬಹು ಕಾಲದ ನಿವಾಸಗಳು. ಹಗಲೆಲ್ಲ ಕಾಣದಂತೆ ಮಲಗಲು ಒಂದು ಕಲ್ಲುಪೊಟರೆ, ಕುಡಿಯಲು ಒಂದು ಕುಂಟೆ, ಬೇಟೆಗೆ ಮೊಲವೋ ಕಾಡುಹಂದಿಯೋ ನವಿಲೋ ಇದ್ದರೆ ಸಾಕೆನ್ನುವ ಮಿತವ್ಯಯಿ ಪ್ರಾಣಿ ಇದು. 1974ರಲ್ಲಿ ಘೋಷಿತವಾಗಿ ಈಗ 260 ಚದರ ಕಿಲೋಮೀಟರಿನಷ್ಟಾಗಿರುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಅದರ ಮುಖ್ಯ ನೆಲೆ. ಅದರ ಹೊರಗೆ ತುರಹಳ್ಳಿ, ಬಿ.ಎಂ. ಕಾವಲು, ಯು.ಎಂ. ಕಾವಲು, ಸೂಳಿಕೆರೆಗಳೆಂಬ ತುಂಡು ತುಂಡು ಹಸುರುಗಳು ಉಳಿದಿವೆ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ಚಿತ್ರತಾರೆ ದೇವಿಕಾರಾಣಿ ದಂಪತಿಗಳು ಬಾಳಿದ 468 ಎಕರೆಯ ತೋಟವೊಂದುಂಟು. ಆ ದಂಪತಿಗಳು 1993 ಮತ್ತು 1994ರಲ್ಲಿ ತೀರಿಕೊಂಡ ತರುವಾಯ ಅದರ ಒಡೆತನದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2011ರಲ್ಲಿ ಸರ್ಕಾರದ ಪರವಾಗಿ ಇತ್ಯರ್ಥವಾಯಿತು. ಮನುಷ್ಯರು ದಸ್ತಾವೇಜುಗಳನ್ನು ಮಂಡಿಸುತ್ತಿದ್ದ ಆ ಅವಧಿಯಲ್ಲಿ ತೋಟವಾದರೋ ಕಾಡಿನ ಕಡೆಗೆ ವಾಲಿತು. ಚಿರತೆ ಈಗ ಅಲ್ಲಿಯೂ ಉಂಟು.

ಉಂಟೆಂಬುದು ಗಾಳಿಮಾತಲ್ಲ. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಹೊಳೆಮತ್ತಿ ನೇಚರ್ ಫೌಂಡೇಶನ್ನಿನ ಅವರ ಸಂಗಡಿಗರೂ ನಗರದ ಸುತ್ತಣ ಕಾಡುಗಳಲ್ಲಿ ನಡೆಸಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆ. ಅವುಗಳಲ್ಲಿ 54 ಬನ್ನೇರುಘಟ್ಟದಲ್ಲಿ. ಈ ಎಣಿಕೆಯ ಕ್ರಮ ಸ್ವಾರಸ್ಯವಾದುದು. ಚಿರತೆ ಓಡಾಡುವ ಕಾಲುದಾರಿಯ ಎರಡು ಪಕ್ಕಗಳಲ್ಲಿ, ಮೊಣಕಾಲಿನೆತ್ತರಕ್ಕೆ, ಎದುರುಬದುರಾಗಿ ಎರಡು ಕ್ಯಾಮೆರಾಗಳನ್ನು ಮರಕ್ಕೋ ಗೂಟಕ್ಕೋ ಬಿಗಿಯುತ್ತಾರೆ. ಮೈಯ ಬಿಸಿಯೂ ಚಲನೆಯೂ ತಾಕಿದೊಡನೆ ಅವು ತಾವಾಗಿಯೇ ಚಿತ್ರ ಹಿಡಿಯುತ್ತವೆ. ಎರಡೇಕೆಂದರೆ, ಒಂದೇ ಚಿರತೆಯ ಎಡಮಗ್ಗುಲಿನ ಚುಕ್ಕೆಗಳಿಗೂ ಬಲಮಗ್ಗುಲಿನ ಚುಕ್ಕೆಗಳಿಗೂ ಹೋಲಿಕೆಯಿಲ್ಲ. ಒಂದು ಚಿರತೆಯ ಚುಕ್ಕೆಯ ವಿನ್ಯಾಸ ಇನ್ನೊಂದು ಚಿರತೆಯಲ್ಲಿ ಎಂದೂ ಕಾಣಸಿಗದು. ಎರಡು ಮಗ್ಗುಲುಗಳೂ ದಾಖಲೆಯಾದ ಮೇಲೆ ಆ ಪ್ರಾಣಿಯನ್ನು ಮತ್ತೆಲ್ಲಿ ಕಂಡರೂ ಗುರುತು ಹಿಡಿಯಬಹುದು.

ಊರಿನ ಬಳಿ ಚಿರತೆ ಸುಳಿಯುವುದು ಹೊಸ ಸಂಗತಿಯೇನೂ ಅಲ್ಲ. ಬೆಂಗಳೂರಿನ ನಿವಾಸಿಯಾಗಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಅಚ್ಚಾದ ತಮ್ಮ ಮೊದಲ ಪುಸ್ತಕದಲ್ಲಿಯೇ ಜಾಲಹಳ್ಳಿಯ ಚಿರತೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದರು. ಅದೇ ಜಾಲಹಳ್ಳಿಯಲ್ಲಿ ಇಂದು ಕಾರ್ಖಾನೆಗಳೂ ಕಾಲೊನಿಗಳೂ ಇವೆ. ಹೊಸದಾದುದು ನಗರ ತನ್ನ ಅಂಚಿನಲ್ಲಿ ಇಟ್ಟಿರುವ ಊಟ. ಖಾಲಿ ನಿವೇಶನದ ಮೂಲೆಯಲ್ಲಿ ಮಾಂಸದಂಗಡಿಯ ಕಸವೂ ಮದುವೆಯ ಛತ್ರದ ಎಂಜಲೂ ಬೀಳುತ್ತವೆ; ಅದನ್ನು ತಿಂದು ಬೀದಿನಾಯಿಗಳು ಕೊಬ್ಬುತ್ತವೆ; ನಾಯಿಯನ್ನರಸಿ ಇರುಳಿನಲ್ಲಿ ಚಿರತೆ ಬರುತ್ತದೆ. ಮಹಾನಗರ ಪಾಲಿಕೆಯ 2023ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಬೀದಿನಾಯಿಗಳು 2.79 ಲಕ್ಷ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಹೊಲಗದ್ದೆಗಳ ನಡುವೆ ಬಾಳುವ ಚಿರತೆಗಳ ಮಲವನ್ನು ಪರೀಕ್ಷಿಸಿದ ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಯವರು, ಅವುಗಳ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯದೆಂದು ಕಂಡುಕೊಂಡರು. ಮರಿಯಾಗಿದ್ದುದು ಒಂದೂವರೆ ಎರಡು ವರ್ಷಕ್ಕೆ ತಾಯಿಯನ್ನು ಬಿಟ್ಟು ತನ್ನದೇ ನೆಲೆಯನ್ನು ಹುಡುಕಿಕೊಂಡು ಹೊರಡುವಾಗ, ಕಾಡಿನಲ್ಲಿ ಹಿರಿಯವು ಜಾಗ ಕೊಡದೆ ಹೋದರೆ, ಅದು ರಾಜಕಾಲುವೆಯನ್ನೋ ಕೆರೆಯಂಗಳವನ್ನೋ ಹಿಡಿದು ಮುಂದಕ್ಕೆ ಬರುತ್ತದೆ. ಕಸದ ಬಳಿ ನಾಯಿ ಸಿಕ್ಕಿದಲ್ಲಿ ನಾಲ್ಕು ದಿನ ನಿಲ್ಲುತ್ತದೆ.

ಹೀಗೆ ಬಂದ ಚಿರತೆಗಳನ್ನು ಮೊದಲು ಕಾಣುವುದು ಬಹುಮಟ್ಟಿಗೆ ಸಿ.ಸಿ. ಟಿವಿ. 2021ರ ಆರಂಭದಲ್ಲಿ ಬೇಗೂರಿನ ಕಡೆಯ ವಸತಿ ಸಂಕೀರ್ಣವೊಂದರಲ್ಲಿ ಹಾಗೆಯೇ ಒಂದು ಚಿರತೆ ಕಂಡಿತು. 2022ರ ಡಿಸೆಂಬರಿನಲ್ಲಿ ತುರಹಳ್ಳಿಯ ಆಸುಪಾಸಿನವರು ಸಂಜೆಯ ವಾಯುವಿಹಾರವನ್ನು ನಿಲ್ಲಿಸಬೇಕಾಯಿತು. 2023ರ ಅಕ್ಟೋಬರಿನ ಕೊನೆಯಲ್ಲಿ ಸಿಂಗಸಂದ್ರ, ಕೂಡ್ಲುಗೇಟಿನ ಕಡೆ ಕಾಣಿಸಿಕೊಂಡ ಚಿರತೆಯ ಪ್ರಸಂಗ ಎಲ್ಲಕ್ಕಿಂತ ದುಃಖಕರವಾದುದು. ಅಪಾರ್ಟ್‌ಮೆಂಟಿನ ಒಳಗೂ ಓಡಾಡಿದ ಅದು ಆ ದಿನಗಳಲ್ಲಿ ಯಾವ ಮನುಷ್ಯನ ಮೇಲೂ ಎರಗಿರಲಿಲ್ಲ. ನವೆಂಬರ್ 1ರಂದು, ನಾಡೆಲ್ಲ ರಾಜ್ಯೋತ್ಸವದಲ್ಲಿದ್ದ ದಿನ, ಕೈಗಾರಿಕಾ ಪ್ರದೇಶದ ಪಾಳು ಕಟ್ಟಡವೊಂದರಲ್ಲಿ ಅದನ್ನು ಸುತ್ತುವರಿದು ಅರಿವಳಿಕೆಯ ಚುಚ್ಚುಮದ್ದನ್ನು ಹಾರಿಸಲಾಯಿತು. ಗಾಬರಿಗೊಂಡ ಪ್ರಾಣಿಯ ರಕ್ತದಲ್ಲಿ ಮದ್ದು ಬೇಗನೆ ಹಿಡಿಯುವುದಿಲ್ಲ. ಆ ಕೆಲವು ನಿಮಿಷಗಳೇ ಇಂಥ ಕಾರ್ಯಾಚರಣೆಗಳಲ್ಲಿ ಅತ್ಯಂತ ಅಪಾಯದವು. ಪಶುವೈದ್ಯರೂ ಸಿಬ್ಬಂದಿಯೂ ಗಾಯಗೊಂಡರು, ಗುಂಡು ಹಾರಿತು, ಚಿರತೆ ಉಳಿಯಲಿಲ್ಲ.

ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟುಬಂದರೆ ತೀರಿತಲ್ಲವೆ, ಎಂಬುದು ಸಹಜವಾಗಿ ಹುಟ್ಟುವ ಪ್ರಶ್ನೆ. ಅದಕ್ಕೆ ಉತ್ತರ ಪುಣೆ ಜಿಲ್ಲೆಯ ಜುನ್ನರಿನಲ್ಲಿ ದೊರೆಯಿತು. ಅಲ್ಲಿ 2001ರಿಂದ 2003ರವರೆಗೆ ಚಿರತೆಗಳನ್ನು ಹಿಡಿದು ಬೇರೆಡೆಗೆ ಸಾಗಿಸುವ ಕೆಲಸ ಭರದಿಂದ ನಡೆಯಿತು; ಅದರ ಹಿಂದೆಯೇ, ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು. ಬಿಟ್ಟುಬಂದ ಚಿರತೆ ಅಪರಿಚಿತ ನೆಲದಲ್ಲಿ ದಿಕ್ಕುಗೆಟ್ಟು ಅಲೆಯುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಆ ಊರಿನ ರೀತಿನೀತಿಗಳನ್ನರಿಯದ ಇನ್ನೊಂದು ಬರುತ್ತದೆ. ಈ ಅನುಭವದ ತರುವಾಯವೇ ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಂಡಮಾತ್ರಕ್ಕೆ ಹಿಡಿಯಕೂಡದೆಂಬ ವಿವೇಕ ಸೇರಿತು. ಅದೇ ವರ್ಷ ಮುಂಬಯಿಯಲ್ಲಿ, ಮೂರು ಕಡೆಯಿಂದ ನಗರ ಒತ್ತರಿಸಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತ, ಅರಣ್ಯ ಇಲಾಖೆಯೂ ವಿಜ್ಞಾನಿಗಳೂ ನಾಗರಿಕರೂ ಕೂಡಿ, ಹಿಡಿಯುವುದನ್ನು ಬಿಟ್ಟು ತಿಳಿಸಿಹೇಳುವುದನ್ನು ಕೈಗೊಂಡರು. ಪೋಲೀಸರು ಗುಂಪು ಚದುರಿಸುವುದನ್ನೂ ಪತ್ರಕರ್ತರು ದಿಗಿಲೆಬ್ಬಿಸದೆ ಬರೆಯುವುದನ್ನೂ ಕಲಿತರು.

ಅಮೆರಿಕದ ನಗರಗಳೂ ಬೇರೊಂದು ಪ್ರಾಣಿಯಿಂದ ಇದೇ ಪಾಠವನ್ನು ಕಲಿತಿವೆ. ನಮ್ಮ ನರಿಯ ದಾಯಾದಿಯಾದ ಕಯೋಟಿ ಅಲ್ಲಿಯ ಬಡಾವಣೆಗಳಲ್ಲಿ ಇರುಳುಸಂಚಾರಿ. 2000ದಿಂದ ಶಿಕಾಗೋ ಸುತ್ತಿನಲ್ಲಿ ವನ್ಯಜೀವಿ ವಿಜ್ಞಾನಿ ಸ್ಟ್ಯಾನ್ಲಿ ಗೆರ್ಟ್ ಅವುಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಹಿಂಬಾಲಿಸುತ್ತ ಬಂದಿದ್ದಾರೆ. ಬಹುಪಾಲು ಕಯೋಟಿಗಳು ಮನುಷ್ಯನ ಕಣ್ಣು ತಪ್ಪಿಸಿಯೇ ಬಾಳುತ್ತವೆ; ಉಪದ್ರವ ಕೊಡುವವು ಸಾಮಾನ್ಯವಾಗಿ ಮನುಷ್ಯರ ಕೈಯ ಆಹಾರಕ್ಕೆ ಒಗ್ಗಿ ಅಂಜಿಕೆಯನ್ನು ಕಳೆದುಕೊಂಡವು. ಚಿರತೆಗೂ ಕಯೋಟಿಗೂ ಬಲದಲ್ಲಿ ಅಜಗಜಾಂತರವಿದ್ದರೂ, ಅಪಾಯದ ಬೇರು ಎರಡು ಕಡೆಯೂ ಮನುಷ್ಯ ಚೆಲ್ಲಿದ ಅನ್ನದಲ್ಲಿಯೇ ಇದೆ.

ಚಿರತೆಯಿಂದ ಪ್ರಾಣಹಾನಿಯೇ ಆಗದೆಂದು ಹೇಳುವುದು ಅವಿವೇಕ. 2022ರ ಕೊನೆಯಿಂದ 2023ರ ಆರಂಭದವರೆಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕು ನಾಲ್ವರನ್ನು ಕಳೆದುಕೊಂಡಿತು. ಅಲ್ಲಿನ ತಾಯಿತಂದೆಯರ ಎದುರು ಸಹಬಾಳ್ವೆಯ ಮಾತನ್ನು ಹಗುರವಾಗಿ ಆಡಲಾಗದು. ಜನರ ಮೇಲೆ ಎರಗಲು ತೊಡಗಿದ ಪ್ರಾಣಿಯನ್ನು ಹಿಡಿಯಲೇಬೇಕು. ಸುಮ್ಮನೆ ದಾಟಿಹೋಗುತ್ತಿರುವುದರ ಮಟ್ಟಿಗೆ ನಾವು ಪಾಲಿಸತಕ್ಕ ನಿಯಮಗಳು ಬೇರೆ, ಅವು ಬಹುಪಾಲು ಮನೆವಾರ್ತೆಯ ಶಿಸ್ತುಗಳೇ. ಕಸವನ್ನು ಗಾಡಿಗೆ ಹಾಕುವುದು, ಖಾಲಿ ಸೈಟಿಗಲ್ಲ. ಸಾಕುನಾಯಿಯನ್ನು ರಾತ್ರಿ ಅಂಗಳದಲ್ಲಿ ಕಟ್ಟದೆ ಒಳಗಿರಿಸುವುದು. ಕಾಂಪೌಂಡಿನ ಬದಿಯ ಲಂಟಾನ ಪೊದೆಯನ್ನು ಕಡಿಸಿ ದೀಪ ಹಾಕಿಸುವುದು. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳುಹದಿರುವುದು. ಬಯಲಿನಲ್ಲಿ ಕುಳಿತ ಮನುಷ್ಯ ಚಿರತೆಯ ಕಣ್ಣಿಗೆ ಗಿಡ್ಡ ಪ್ರಾಣಿಯಂತೆ ಕಾಣುವನಾದ್ದರಿಂದ, ಶೌಚಾಲಯವಿಲ್ಲದ ಕೂಲಿಕಾರರ ಶೆಡ್ಡುಗಳಿಗೆ ಮೊದಲು ಆ ಸೌಕರ್ಯ ಮಾಡಿಕೊಡುವುದು. ಎದುರಾದರೆ ಓಡದೆ, ಬಗ್ಗದೆ, ಎಳೆಯ ಮಗುವನ್ನು ಎತ್ತಿಕೊಂಡು, ಗಟ್ಟಿಯಾಗಿ ಮಾತನಾಡುತ್ತ ಹಿಂದೆ ಸರಿದು ಅದಕ್ಕೆ ದಾರಿ ಬಿಡುವುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ಮೊಬೈಲು ಹಿಡಿದು ಸುತ್ತ ನೆರೆಯದಿರುವುದು. ಮೂಲೆಗೆ ಸಿಕ್ಕಿದ ಚಿರತೆಗೆ ಎರಗುವುದಲ್ಲದೆ ಬೇರೆ ದಾರಿ ಉಳಿದಿರುವುದಿಲ್ಲ.

ಗೃಹಸ್ಥರ ಪಾಲು ಇಷ್ಟಾದರೆ, ನಕ್ಷೆ ಬರೆಯುವವರ ಪಾಲು ಇನ್ನೂ ದೊಡ್ಡದು. ಬನ್ನೇರುಘಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರೆಂದು ಬರೆದವರು 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಸಿದರು. ಆ ನೂರು ಚದರ ಕಿಲೋಮೀಟರು ಕಾಗದದಿಂದ ಅಳಿದರೂ, ಅಲ್ಲಿ ಓಡಾಡುವ ಪ್ರಾಣಿಗಳು ತಮ್ಮ ದಾರಿಯನ್ನು ಬದಲಿಸಲಿಲ್ಲ. ಜಯನಗರದ ನಕ್ಷೆಯನ್ನು ಬರೆದವರು ಆಟದ ಬಯಲಿಗೂ ಉದ್ಯಾನಕ್ಕೂ ಅಂಗಡಿ ಸಂಕೀರ್ಣಕ್ಕೂ ಮುಂಚಿತವಾಗಿಯೇ ಸ್ಥಳ ಬಿಟ್ಟಿದ್ದರಿಂದಲ್ಲವೆ ಅದು ಇಂದಿಗೂ ಮಾದರಿಯೆನಿಸಿರುವುದು? ಕನಕಪುರ ರಸ್ತೆಯಾಚೆ ನಾಳೆ ಅಳತೆಯಾಗುವ ಬಡಾವಣೆಗಳಲ್ಲಿ ಕಾಡಿನಂಚಿಗೆ ಒಂದಿಷ್ಟು ತೆರಪನ್ನೂ ಕಾಲುವೆಯ ಬದಿಗೆ ಒಂದು ಹಸುರು ಪಟ್ಟಿಯನ್ನೂ ಅದೇ ರೀತಿ ಮೊದಲೇ ಬಿಟ್ಟಿಟ್ಟರೆ ಖರ್ಚು ಸ್ವಲ್ಪ. ಬಿಡದೆ ಸೈಟು ಮಾರಿದರೆ, ಅದರ ಬೆಲೆಯನ್ನು ತೆರುವವರು ನಕ್ಷೆ ಬರೆದವರಲ್ಲ, ಕೊನೆಯ ಅಡ್ಡರಸ್ತೆಯಲ್ಲಿ ಮನೆ ಕಟ್ಟಿಕೊಂಡವರು.