ಟಿಕೆಟ್ ಇಲ್ಲದ ಬಯಲಾಟ: ದುಡ್ಡು ಯಾರದ್ದು, ಹತ್ತು ಗಂಟೆಯ ಲೆಕ್ಕ ಏನು?

ಹೊನ್ನಾವರ: ದೀಪಾವಳಿ ಮುಗಿದು ಗದ್ದೆ ಕೊಯ್ಲಾಯ್ತು ಅಂದ್ರೆ ಭಟ್ಕಳದಿಂದ ಕುಮಟಾದವರೆಗೆ ಜನ ಕೇಳುವ ಪ್ರಶ್ನೆ ಒಂದೇ: "ಇವತ್ತು ಆಟ ಎಲ್ಲಿ?" ದೇವಸ್ಥಾನದ ಎದುರು, ಕೊಯ್ದ ಗದ್ದೆಯಲ್ಲಿ, ಶಾಲೆ ಅಂಗಳದಲ್ಲಿ, ಕುಮಟಾದ ಮಣಕಿಯಂಥ ಮೈದಾನದಲ್ಲಿ ರಂಗಸ್ಥಳ ಏಳುತ್ತದೆ. ಗೇಟಿಲ್ಲ, ಟಿಕೆಟಿಲ್ಲ. ಬಂದವರು ಕುರ್ಚಿ ಸಿಕ್ಕರೆ ಕುರ್ಚಿಯಲ್ಲಿ, ಇಲ್ಲದಿದ್ದರೆ ಚಾಪೆ ಹಾಸಿ ಕೂರುತ್ತಾರೆ.

ನೋಡುವವರಿಗೆ ಪುಕ್ಕಟೆ, ಸರಿ. ಆದರೆ ಆಟ ಪುಕ್ಕಟೆಯಾಗಿ ಆಗುವುದಿಲ್ಲ. ಯಾರೋ ಕೊಟ್ಟಿರುತ್ತಾರೆ. ಯಾರು, ಯಾವ ಲೆಕ್ಕದಲ್ಲಿ ಅನ್ನೋದು ಗೊತ್ತಿದ್ದರೆ ಊರಿನ ಮುಂದಿನ ಆಟ ಉಳಿಸಿಕೊಳ್ಳೋದು ಸುಲಭ.

ದುಡ್ಡು ಎಲ್ಲಿಂದ?

ಉಚಿತ ಬಯಲಾಟದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹರಕೆ ಆಟ. ಮಗುವಾಯ್ತು, ಕಾಯಿಲೆ ವಾಸಿಯಾಯ್ತು, ಮನೆ ಕಟ್ಟಿ ಮುಗೀತು ಅಂತ ಒಂದು ಕುಟುಂಬ ದೇವರಿಗೆ ಹೇಳಿಕೊಂಡ ಸೇವೆ. ವೀಳ್ಯ ಆ ಮನೆಯವರದ್ದು, ನೋಡೋರು ಇಡೀ ಊರಿನವರು. ಉಡುಪಿ ಜಿಲ್ಲೆಯ ಮಂದಾರ್ತಿಯಲ್ಲಿ ಇಂಥ ಸೇವೆಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಪಾಳಿ ಕಾಯಬೇಕಾಗುತ್ತದೆ.

ಇನ್ನೊಂದು, ಸಾರ್ವಜನಿಕ ಆಟ. ಯುವಕ ಸಂಘ, ಗಣೇಶೋತ್ಸವ ಸಮಿತಿ, ಜಾತ್ರೆ ಸಮಿತಿಯವರು ರಸೀದಿ ಪುಸ್ತಕ ಹಿಡಿದು ಹೊರಡುತ್ತಾರೆ. ಮೊದಲು ಹತ್ತುವುದು ಪೇಟೆಯ ಅಂಗಡಿ ಮೆಟ್ಟಿಲು. ಮೇಳದ ವೀಳ್ಯದ ಮೇಲೆ ಅತಿಥಿ ಕಲಾವಿದರ ಸಂಭಾವನೆ, ಮೈಕು, ಲೈಟು, ಜನರೇಟರ್, ಕುರ್ಚಿ, ಮೇಳದವರ ಊಟ, ಎಲ್ಲ ಬೇರೆ.

ಟಿಕೆಟ್ ಆಟ ಗೊತ್ತಿಲ್ಲ ಅಂತಲ್ಲ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆ ಮೇಳಗಳೆಂದೇ ಹೆಸರಾದವು. ಹೊನ್ನಾವರ ತಾಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ವೇಷ ನೋಡೋಕೆ ಜನ ಟಿಕೆಟ್ ತೆಗೆದು ಡೇರೆ ತುಂಬುತ್ತಿದ್ದರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ 2017ರಲ್ಲಿ ತೀರಿಕೊಂಡರು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇಂದಿಗೂ ನಡೆಯುತ್ತಿದೆ. ಅವರ ಮಗ ಶಂಭು ಹೆಗಡೆ 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ಕೊನೆಯುಸಿರೆಳೆದರು. ಈ ಭಾಗದಲ್ಲಿ ಆಟ ಅಂದರೆ ಬರೀ ಮನರಂಜನೆ ಅಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಸಂಗ ಆಡಲು ಯಾರನ್ನು ಕೇಳಬೇಕು?

ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಂಥ ಹಳೆಯವಕ್ಕೆ ಯಾರ ಅನುಮತಿಯೂ ಬೇಡ. ಬರೆದವರು ತೀರಿಕೊಂಡು 60 ವರ್ಷ ದಾಟಿದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಹೊಸ ಪ್ರಸಂಗ ಆದರೆ ಕವಿಯ ಒಪ್ಪಿಗೆ ಬೇಕು. ಹವ್ಯಾಸಿ ಸಂಘದವರು ದುಡ್ಡು ತೆಗೆದುಕೊಳ್ಳದೆ ಆಡಿ ತೋರಿಸಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಸಂಬಳದ ಮೇಳ ತರಿಸಿದರೆ ಆ ವಿನಾಯಿತಿ ನೆಚ್ಚಿಕೊಳ್ಳುವ ಹಾಗಿಲ್ಲ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪಾಯಿತು.

ಹತ್ತು ಗಂಟೆಯ ಗಂಟು

ಸಮಿತಿಯವರಿಗೆ ಈಗ ದೊಡ್ಡ ತಲೆಬಿಸಿ ಅಂದರೆ ಸಮಯ. ಹಿಂದೆ ಆಟ ರಾತ್ರಿ ಶುರುವಾದರೆ ಮಂಗಳ ಹಾಡುವಾಗ ಬೆಳಗಾಗಿರುತ್ತಿತ್ತು. ದೂರದ ಊರಿಂದ ಸೂಡಿ ಹಿಡಿದು ನಡೆದು ಬಂದವರಿಗೆ ನಡುರಾತ್ರಿ ವಾಪಸ್ ಹೋಗೋಕೆ ದಾರಿ ಇರಲಿಲ್ಲ. ಬೆಳಗಿನವರೆಗೆ ಆಟ ನಡೆದರೆ ಅವರಿಗೂ ಅನುಕೂಲ.

ಕೇಂದ್ರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಅದನ್ನು ಬಳಸುವಂತಿಲ್ಲ. ಬಾಗಿಲು ಹಾಕಿದ ಸಭಾಂಗಣದ ಒಳಗಾದರೆ ಈ ನಿರ್ಬಂಧ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು, ಆದರೆ ವರ್ಷದಲ್ಲಿ 15 ದಿನಕ್ಕಿಂತ ಹೆಚ್ಚು ಇಲ್ಲ. ಮೇಳಗಳ ತಿರುಗಾಟ ಸುಮಾರು ಆರು ತಿಂಗಳು. ಹದಿನೈದು ದಿನ ಎಲ್ಲಿಗೆ ಸಾಲುತ್ತದೆ?

"ಮೈಕ್ ಆಫ್ ಮಾಡಿ ಬರೀ ಚಂಡೆಯಲ್ಲಿ ಮುಂದುವರಿಸಿದರಾಯ್ತು" ಅನ್ನೋ ಮಾತು ಕೇಳಿಬರುತ್ತದೆ. ಅದೂ ನಿಲ್ಲುವುದಿಲ್ಲ. 2010ರ ತಿದ್ದುಪಡಿಯಲ್ಲಿ ಸಂಗೀತ ವಾದ್ಯಗಳನ್ನೂ ಸೇರಿಸಲಾಗಿದೆ. ನಿಯಮದ ಹಿಂದೆ ಕಾರಣವೂ ಇದೆ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇರಬಹುದು, ಪರೀಕ್ಷೆಗೆ ಓದುವ ಮಗು ಇರಬಹುದು. ಆಟದ ಸೀಸನ್ನೂ ಪರೀಕ್ಷೆಯ ಸೀಸನ್ನೂ ಒಟ್ಟಿಗೇ ಬರುತ್ತವೆ.

ಹಾಗಾಗಿ ಬಂದಿದ್ದು ಕಾಲಮಿತಿ ಆಟ. ಸಂಜೆ ಶುರು ಮಾಡಿ ನಾಲ್ಕೈದು ತಾಸಲ್ಲಿ ಮುಗಿಸುವುದು. ಮಾರನೇ ದಿನ ಕೆಲಸಕ್ಕೆ ಹೋಗೋರಿಗೆ, ಸಣ್ಣ ಮಕ್ಕಳಿದ್ದವರಿಗೆ ಇದೇ ಒಳ್ಳೇದು. ಆದರೆ ಕತ್ತರಿ ಬೀಳುವುದು ಎಲ್ಲಿಗೆ ಅಂತ ನೋಡಬೇಕು. ಮೊದಲು ಹೋಗುವುದು ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಹೊಸ ಹುಡುಗರು ಹೆಜ್ಜೆ ಕಲಿತು ಸಭಾಕಂಪ ಬಿಡುವ ಜಾಗ ಅದೇ. ಆಮೇಲೆ ಒಡ್ಡೋಲಗ ಚಿಕ್ಕದಾಗುತ್ತದೆ, ಅರ್ಥಗಾರಿಕೆ ಓಡುತ್ತದೆ.

ಪೇಟೆಯವರಿಗೆ ಇನ್ನೊಂದು ನಷ್ಟ. ಮೊದಲು ಅಂಗಡಿಯವರು ಶಟರ್ ಎಳೆದು, ಮನೆಯಲ್ಲಿ ಊಟ ಮಾಡಿ, ಶಾಲು ಹೊದ್ದು ನಿಧಾನ ಹೋದರೂ ಆಟ ಸಿಗುತ್ತಿತ್ತು. ಈಗ ಒಂಬತ್ತಕ್ಕೆ ಬಾಗಿಲು ಹಾಕಿ ಹೊರಡುವಷ್ಟರಲ್ಲಿ ಅರ್ಧ ಪ್ರಸಂಗ ಮುಗಿದಿರುತ್ತದೆ. ರಸೀದಿ ಹರಿಸಿಕೊಂಡವರಿಗೇ ಆಟ ಇಲ್ಲ!

ದೇಣಿಗೆ ಕೊಡುವ ಮುಂಚೆ

ವಂತಿಗೆ ಕೊಡುವವರು ಮೂರು ಮಾತು ಕೇಳುವುದರಲ್ಲಿ ತಪ್ಪಿಲ್ಲ. ಒಂದು, ನಂಬರ್ ಇರುವ ರಸೀದಿ ಇದೆಯೇ, ಆಟ ಮುಗಿದ ಮೇಲೆ ಖರ್ಚಿನ ಪಟ್ಟಿ ಹಾಕುತ್ತಾರೆಯೇ? ಎರಡು, ಜಾಗದ ಮಾಲೀಕರ ಒಪ್ಪಿಗೆ, ಪೊಲೀಸರ ಮೈಕ್ ಅನುಮತಿ ಕೈಗೆ ಬಂದಿದೆಯೇ? ಅರ್ಧದಲ್ಲಿ ಆಟ ನಿಂತರೂ ವೀಳ್ಯದ ಹಣ ಕೊಡಲೇಬೇಕಾಗುತ್ತದೆ. ಮೂರು, ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಅಂದರೆ ಸಂಸ್ಥೆಗೆ ಅದಕ್ಕೆ ಬೇಕಾದ ನೋಂದಣಿ ಇದೆಯೇ? ಇದ್ದರೂ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ರಿಯಾಯಿತಿಯೇ ಇಲ್ಲ.

ನಾಲ್ಕನೆಯದನ್ನೂ ಕೇಳಬಹುದು: ಪೇಟೆಗೆ ವಾರದ ರಜೆ ಇರುವ ದಿನವೇ ಆಟ ಇಟ್ಟುಕೊಳ್ಳಲಿಕ್ಕೆ ಆಗುತ್ತದೆಯೇ? ಆಗ ಸಂಜೆ ಚೌಕಿಪೂಜೆ ಹೊತ್ತಿಗೇ ಅಂಗಡಿಯವರೂ ಬಂದು ಕೂರಬಹುದು. ಹತ್ತು ಗಂಟೆಯ ನಿಯಮ ಬದಲಿಸುವುದು ಸಮಿತಿಯ ಕೈಯಲ್ಲಿಲ್ಲ. ದಿನ ಬದಲಿಸುವುದು ಇದೆ.